ಪರೀಕ್ಷೆಯೂ ಪರಿಜ್ಞಾನವೂ

ವಿದ್ಯೆಯನ್ನು ಕಲಿತವನಿಗೆ ವಿದ್ಯೆ ಬಂದಿತೆಂಬುದನ್ನು ಯಾರು ಹೇಳಬೇಕು? ಕಲಿತವನು ತಾನೇ ಹೇಳಿಕೊಂಡರೆ ಆತ್ಮಪ್ರಶಂಸೆಯಾದೀತು. ಕಲಿಸಿದವನು ಹೇಳಿದರೆ ಪಕ್ಷಪಾತವೆಂದಾರು. ಆದುದರಿಂದ ಇಬ್ಬರಿಗೂ ಹೊರಗಾದ ಮೂರನೆಯವನೊಬ್ಬನು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ತೂಗಿ, ಕಾಗದದ ಮೇಲೆ ಮುದ್ರೆಯೊತ್ತಿ ಕೊಡತಕ್ಕ ಪದ್ಧತಿ ಲೋಕದಲ್ಲಿ ಬೆಳೆದು ಬಂದಿದೆ. ಅದಕ್ಕೆ ಪರೀಕ್ಷೆಯೆಂದು ಹೆಸರು. ಮೂವತ್ತೈದು ವರ್ಷಕಾಲ ಹುಡುಗರಿಗೆ ಪಾಠ ಹೇಳಿ, ಅವರನ್ನು ಪರೀಕ್ಷೆಗೆ ಕಳುಹಿಸಿ, ಬೇರೆಯವರ ಹುಡುಗರ ಉತ್ತರಪತ್ರಗಳನ್ನು ತಿದ್ದಿ ಆಯುಸ್ಸನ್ನು ಸವೆಸಿದ ನಾನು ಈ ಪದ್ಧತಿಯ ತತ್ತ್ವವೇನೆಂದು ಸಾವಧಾನವಾಗಿ ಆಲೋಚಿಸಿದ್ದು ನಿವೃತ್ತನಾದ ಮೇಲೆ. ಅದೂ ನನಗೆ ಒಂದಕ್ಷರವೂ ಬಾರದಿದ್ದ ಜಪಾನೀ ಭಾಷೆಯ ನಿಮಿತ್ತವಾಗಿ. ಆ ಸಂದರ್ಭವನ್ನು ಮೊದಲು ಹೇಳಿ, ಆ ಮೇಲೆ ವಿಚಾರಕ್ಕೆ ಬರುತ್ತೇನೆ.

ನಮ್ಮ ಅಣ್ಣನ ಮೊಮ್ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳ ಕೆಲಸ ಜಪಾನಿನವರೊಡನೆ ವ್ಯವಹಾರವುಳ್ಳದ್ದು. ಅದಕ್ಕಾಗಿ ಅವಳು ನಾಲ್ಕೈದು ವರ್ಷ ಶ್ರಮಪಟ್ಟು ಆ ಭಾಷೆಯನ್ನು ಕಲಿತು, ಅಲ್ಲಿಯೇ ಬೆಂಗಳೂರಿನ ಕೇಂದ್ರದಲ್ಲಿ ಪರೀಕ್ಷೆಗೆ ಕುಳಿತು, ಮೇಲಿನಿಂದ ಎರಡನೆಯದಾದ ಶ್ರೇಣಿಯಲ್ಲಿ ತೇರ್ಗಡೆಯಾದಳು. ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಕಳೆದ ವರ್ಷ ಅವಳಿಗೆ ಮೊದಲು ಪಾಠ ಹೇಳಿಕೊಟ್ಟು ಸ್ವದೇಶಕ್ಕೆ ಹಿಂದಿರುಗಿದ್ದ ವೃದ್ಧ ಜಪಾನೀ ಉಪಾಧ್ಯಾಯಿನಿಯೊಬ್ಬರ ಪತಿ ತೀರಿಕೊಂಡರೆಂದು ಸುದ್ದಿ ಬಂದಿತು. ಹುಡುಗಿ ಸ್ವಹಸ್ತದಿಂದ ನಾಲ್ಕು ಸಾಲು ಸಂತಾಪದ ಮಾತನ್ನು ಬರೆದು ಕಳುಹಿಸಬೇಕೆಂದು ಕಾಗದವನ್ನು ಮುಂದಿಟ್ಟುಕೊಂಡಳು. ಕಣ್ಣಿಗೆ ಬಿದ್ದ ಕೂಡಲೇ ಓದಬಲ್ಲ ಅಕ್ಷರಗಳು ಕೈಗೆ ಬರಲಿಲ್ಲ. ಕಡೆಗೆ ಕೈಫೋನಿನಲ್ಲಿ ಪದಗಳನ್ನು ಮೂಡಿಸಿ, ಅವುಗಳ ರೂಪವನ್ನು ಚಿತ್ರ ತೆಗೆಯುವವರಂತೆ ನೋಡಿ ನೋಡಿ ಇಳಿಸಿದಳಂತೆ. ದೀಪಾವಳಿಗೆ ಊರಿಗೆ ಬಂದಾಗ ಇದನ್ನೆಲ್ಲ ಹೇಳಿ, “ಚಿಕ್ಕಜ್ಜ, ಪತ್ರದಲ್ಲಿ ನಾನು ತೇರ್ಗಡೆಯಾದವಳು. ಆದರೆ ಸತ್ತವರ ಮನೆಗೆ ನಾಲ್ಕು ಸಾಲು ಬರೆಯಲಾರೆ. ನನಗೆ ಆ ಭಾಷೆ ಬರುತ್ತದೆಯೋ ಬರುವುದಿಲ್ಲವೋ, ನೀವೇ ಹೇಳಿ” ಎಂದು ಕೇಳಿದಳು.

ಆ ಹೊತ್ತಿಗೆ ನನಗೆ ಉತ್ತರ ತೋಚಲಿಲ್ಲ. “ನಿನ್ನ ಪರೀಕ್ಷೆ ಎಂಥಾದ್ದು, ಅದನ್ನು ಮೊದಲು ತಿಳಿಸು ಮಗು” ಎಂದೆ. ಹಬ್ಬದ ಮೂರು ದಿವಸವೂ ಅವಳು ಗುರು, ನಾನು ಶಿಷ್ಯ. ಅವಳಿಂದ ತಿಳಿದುದನ್ನೂ, ಆ ಮೇಲೆ ಓದಿ ನಿಶ್ಚಯಪಡಿಸಿಕೊಂಡುದನ್ನೂ ವಾಚಕರ ಮುಂದೆ ಇಡುತ್ತೇನೆ.

ಜಪಾನಿನವರ ಬರವಣಿಗೆಯಲ್ಲಿ ಮೂರು ಬಗೆಯ ಲಿಪಿಗಳು ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಹಿರಗಾನ, ಕತಕಾನ ಎಂಬೆರಡು ನಮ್ಮ ಅಕ್ಷರಗಳಂತೆ ಉಚ್ಚಾರಣೆಯನ್ನು ಸೂಚಿಸತಕ್ಕವು. ಇವುಗಳ ಕ್ರಮವನ್ನು ಕೇಳಿದಾಗ ನನಗೆ ಆಶ್ಚರ್ಯವಾಯಿತು: ಅ ಇ ಉ ಎ ಒ, ಆ ಮೇಲೆ ಕ ಸ ತ ನ ಹ ಮ ಯ ರ ವ. ಇದು ನಮ್ಮ ವರ್ಣಮಾಲೆಯ ಕ್ರಮವೇ. ಬೌದ್ಧ ಭಿಕ್ಷುಗಳು ಸಿದ್ಧಂ ಎಂಬ ಲಿಪಿಯ ಮೂಲಕ ಸಂಸ್ಕೃತದ ವರ್ಣವಿಚಾರವನ್ನು ಅಭ್ಯಾಸ ಮಾಡಿದ್ದರ ಫಲವಾಗಿ ಈ ಕ್ರಮ ಅಲ್ಲಿ ನೆಲೆಸಿತು. ಇಂದು ‘ಹ’ ಎನಿಸಿಕೊಳ್ಳುವ ಸಾಲು ಪ್ರಾಚೀನ ಕಾಲದಲ್ಲಿ ‘ಪ’ ಎಂಬ ಧ್ವನಿಯುಳ್ಳದ್ದಾಗಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗೆ ನೋಡಿದರೆ ಅದೂ ಪವರ್ಗದ ಸ್ಥಾನದಲ್ಲಿಯೇ ನಿಂತಿದೆ.

ಮೂರನೆಯದು ಚೀನದಿಂದ ಬಂದ ಕಾಂಜಿ. ಇಲ್ಲಿ ಒಂದೊಂದು ಅಕ್ಷರವೂ ಒಂದೊಂದು ಅರ್ಥ. ‘ಮನುಷ್ಯ’ ಎಂಬ ಅಕ್ಷರದ ಅಂಗವನ್ನು ‘ಮರ’ದ ಪಕ್ಕದಲ್ಲಿಟ್ಟರೆ ‘ವಿಶ್ರಾಂತಿ’ಯಾಗುತ್ತದೆ. ‘ದೊಡ್ಡದು’ ಎಂಬ ಅಕ್ಷರಕ್ಕೆ ಬಲಗಡೆ ಮೇಲ್ಭಾಗದಲ್ಲಿ ಒಂದು ಬೊಟ್ಟಿಟ್ಟರೆ ‘ನಾಯಿ’. ಅದೇ ಬೊಟ್ಟನ್ನು ಕೆಳಗಿಟ್ಟರೆ ‘ದಪ್ಪ’. ಒಂದೇ ಅಕ್ಷರಕ್ಕೆ ಉಚ್ಚಾರಣೆಯೂ ಒಂದೇ ಅಲ್ಲ. ‘ಬೆಟ್ಟ’ ಎಂಬ ಅಕ್ಷರವನ್ನು ಬಿಡಿಯಾಗಿ ‘ಯಮ’ ಎಂದೂ, ಫುಜಿ ಪರ್ವತದ ಹೆಸರಿನೊಡನೆ ಸೇರಿದಾಗ ‘ಸನ್’ ಎಂದೂ ಓದುತ್ತಾರೆ. ನಮ್ಮಲ್ಲಿ ಐವತ್ತು ಅಕ್ಷರಗಳು ಕೈವಶವಾದ ಹುಡುಗನು ಅರ್ಥ ತಿಳಿಯದ ಪದವನ್ನಾದರೂ ಕಿವಿಗೆ ಬಿದ್ದಂತೆ ಬರೆದುಬಿಡುತ್ತಾನೆ. ಅಲ್ಲಿ ಹಾಗಿಲ್ಲ. ಪ್ರತಿಯೊಂದು ಅಕ್ಷರದ ರೂಪವನ್ನೂ, ಅರ್ಥವನ್ನೂ, ಉಚ್ಚಾರಣೆಗಳನ್ನೂ ಬೇರೆ ಬೇರೆಯಾಗಿ ಸಂಪಾದಿಸಬೇಕು. ನಿತ್ಯವ್ಯವಹಾರಕ್ಕೆ ಬೇಕೆಂದು ಅಲ್ಲಿನ ಸರಕಾರದವರು ೨೦೧೦ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ೨,೧೩೬ ಅಕ್ಷರಗಳಿವೆ. ಅವುಗಳಲ್ಲಿ ೧,೦೨೬ನ್ನು ಮಕ್ಕಳು ಪ್ರಾಥಮಿಕ ಶಾಲೆಯ ಆರು ತರಗತಿಗಳಲ್ಲಿ ಕಲಿಯತಕ್ಕದ್ದು.

ಈ ಭಾಷೆಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ಎರಡು ಬಹು ಪ್ರಸಿದ್ಧವಾದವು. ಮೊದಲನೆಯದು ಪರದೇಶದವರಿಗಾಗಿ ಏರ್ಪಟ್ಟ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ; ಜೆ.ಎಲ್.ಪಿ.ಟಿ. ಎಂದು ಕಲಿಯುವವರ ಬಾಯಲ್ಲಿ ರೂಢಿ. ೧೯೮೪ರಲ್ಲಿ ಸುಮಾರು ೭,೦೦೦ ಮಂದಿಯಿಂದ ಆರಂಭವಾದ ಈ ಪರೀಕ್ಷೆಗೆ ೨೦೧೯ರ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿದ ಜನರು ಕುಳಿತರು. ಮೊದಲು ನಾಲ್ಕೇ ಶ್ರೇಣಿಗಳಿದ್ದುವು, ೨೦೧೦ರಿಂದ ಐದಾದುವು. ಎನ್ ೫ ಎಂಬುದು ಎಲ್ಲಕ್ಕಿಂತ ಸುಲಭ, ಎನ್ ೧ ಎಂಬುದು ಎಲ್ಲಕ್ಕಿಂತ ಕಠಿಣ. ಪದಜ್ಞಾನ ಮತ್ತು ವ್ಯಾಕರಣ, ಓದಿ ತಿಳಿಯುವುದು, ಕೇಳಿ ತಿಳಿಯುವುದು ಎಂಬಿವೇ ಇದರ ವಿಷಯಗಳು. ಒಟ್ಟು ೧೮೦ ಅಂಕಗಳಲ್ಲಿ ಎನ್ ೧ಕ್ಕೆ ೧೦೦, ಎನ್ ೨ಕ್ಕೆ ೯೦ ಬರಬೇಕು. ಅಲ್ಲದೆ ಈ ಶ್ರೇಣಿಗಳಲ್ಲಿ ೬೦ ಅಂಕಗಳ ಒಂದೊಂದು ಭಾಗದಲ್ಲಿಯೂ ೧೯ಕ್ಕೆ ಕಡಿಮೆಯಾಗಕೂಡದು. ಓದುವುದರಲ್ಲಿ ಎಷ್ಟೇ ಪ್ರವೀಣನಾದರೂ ಕೇಳುವುದರಲ್ಲಿ ೧೮ ಬಂದವನು ಉಳಿದನೆಂದೇ ಲೆಕ್ಕ. ಇಷ್ಟಾದರೂ ಒಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿ ಪರೀಕ್ಷಾರ್ಥಿಯು ಒಂದಕ್ಷರವನ್ನೂ ಬರೆಯಬೇಕಾದುದಿಲ್ಲ, ಒಂದು ಮಾತನ್ನೂ ಆಡಬೇಕಾದುದಿಲ್ಲ. ಪ್ರಶ್ನೆಯ ಕೆಳಗೆ ಉತ್ತರಗಳು ಸಿದ್ಧವಾಗಿರುತ್ತವೆ. ಸರಿಯಾದುದನ್ನು ಆರಿಸಿ ಸೀಸದ ಕಡ್ಡಿಯಿಂದ ಗುರುತು ತುಂಬಿದರೆ ಆಯಿತು.

ಎರಡನೆಯದು ಜಪಾನಿನವರೇ ತಮಗಾಗಿ ೧೯೭೫ರಲ್ಲಿ ಆರಂಭಿಸಿಕೊಂಡ ಕಾಂಜಿ ಪರೀಕ್ಷೆ. ಕಾಂಜಿ ಕೆಂತೇ ಎಂಬುದನ್ನು ಸಂಕ್ಷೇಪಿಸಿ ‘ಕಾನ್‌ಕೆನ್’ ಎನ್ನುತ್ತಾರೆ. ಇದನ್ನು ನಡೆಸುವ ಸಂಸ್ಥೆ ಕ್ಯೋತೋ ನಗರದಲ್ಲಿದೆ. ಪ್ರತಿ ವರ್ಷವೂ ಆ ವರ್ಷದ ಸ್ಥಿತಿಯನ್ನು ಸೂಚಿಸುವ ಒಂದೇ ಒಂದು ಅಕ್ಷರವನ್ನು ಜನರ ಮತದಿಂದ ಆರಿಸಿ, ಕಿಯೊಮಿಜು ದೇವಾಲಯದಲ್ಲಿ ದೊಡ್ಡ ಕುಂಚದಿಂದ ಬರೆಯಿಸುವವರೂ ಇವರೇ. ೧೯೯೫ರಲ್ಲಿ ಮೊದಲ ಸಲ ಆರಿಸಿದ ಅಕ್ಷರ ‘ಕಂಪನ’. ಅದು ಕೋಬೆಯ ಭೂಕಂಪದ ವರ್ಷ. ಈ ಪರೀಕ್ಷೆಯಲ್ಲಿ ಹನ್ನೆರಡು ಶ್ರೇಣಿಗಳು. ಹತ್ತನೆಯದು ಒಂದನೆಯ ತರಗತಿಯ ಮಕ್ಕಳ ೮೦ ಅಕ್ಷರಗಳು, ಐದನೆಯದರಲ್ಲಿ ಪ್ರಾಥಮಿಕ ಶಾಲೆಯ ೧,೦೨೬, ಎರಡನೆಯದರಲ್ಲಿ ೨,೧೩೬, ಒಂದನೆಯದರಲ್ಲಿ ಸುಮಾರು ೬,೦೦೦. ಮೇಲಿನ ಶ್ರೇಣಿಗಳಲ್ಲಿ ೨೦೦ ಅಂಕಗಳಿಗೆ ನೂರಕ್ಕೆ ಎಂಬತ್ತರಂತೆ ಬರಬೇಕು. ಇಲ್ಲಿ ಉಚ್ಚಾರಣೆಯನ್ನು ಕೊಟ್ಟು ಅಕ್ಷರವನ್ನು ಕೈಯಿಂದ ಬರೆಯೆನ್ನುತ್ತಾರೆ. ಅಕ್ಷರದ ಮುಖ್ಯಾಂಗ ಯಾವುದೆಂದು ಕೇಳುತ್ತಾರೆ. ಸಮಾನಾರ್ಥಕ, ವಿರುದ್ಧಾರ್ಥಕ, ನಾಲ್ಕಕ್ಷರದ ನಾಣ್ಣುಡಿ ಇವುಗಳನ್ನು ಕೇಳುತ್ತಾರೆ. ಚಿಕ್ಕವರ ಶ್ರೇಣಿಗಳಲ್ಲಿ ಯಾವ ಗೆರೆಯನ್ನು ಮೊದಲು ಎಳೆಯಬೇಕೆಂಬುದನ್ನು ಸಹ ಬಿಡುವುದಿಲ್ಲ. ಆದರೆ ಕೇಳಿ ತಿಳಿಯುವ ಪ್ರಸಂಗ ಇಲ್ಲಿ ಇಲ್ಲವೇ ಇಲ್ಲ. ಅದು ಹುಟ್ಟಿನಿಂದ ಬಂದಿದೆಯೆಂದೇ ಭಾವನೆ.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಪಾಠಶಾಲೆಯಲ್ಲಿ ಓದಿದ ತರ್ಕದ ಒಂದು ವಿವೇಕ ನೆನಪಿಗೆ ಬಂದಿತು. ಕಾಶಿಯಲ್ಲಿ ಕಂಡ ದೇವದತ್ತನು ಈಗ ಎದುರಿಗೆ ಬಂದು ನಿಂತಾಗ ‘ಇವನೇ ಅವನು’ ಎಂದು ಅರಿಯುವುದು ಪ್ರತ್ಯಭಿಜ್ಞೆ. ದೇವದತ್ತನು ಎದುರಿಗೆ ಇಲ್ಲದಿರುವಾಗಲೂ ಅವನ ಮುಖವನ್ನು ಮನಸ್ಸಿಗೆ ತಂದುಕೊಳ್ಳುವುದು ಸ್ಮೃತಿ. ಮೊದಲನೆಯದಕ್ಕೆ ಕಣ್ಣಿನ ಸಹಾಯ ಉಂಟು. ಎರಡನೆಯದು ಕೇವಲ ಸಂಸ್ಕಾರದ ಬಲದಿಂದ ಹುಟ್ಟತಕ್ಕದ್ದು. ಜೆ.ಎಲ್.ಪಿ.ಟಿ. ಕೇಳುವುದು ‘ಇವನನ್ನು ಬಲ್ಲೆಯಾ?’ ಎಂದು, ಕಾನ್‌ಕೆನ್ ಕೇಳುವುದು ‘ಅವನ ಮುಖವನ್ನು ಚಿತ್ರಿಸು’ ಎಂದು. ನಮ್ಮ ಹುಡುಗಿಗೆ ಮೊದಲನೆಯದು ಸಿದ್ಧಿಸಿತ್ತು, ಎರಡನೆಯದು ಸಿದ್ಧಿಸಿರಲಿಲ್ಲ. ಸಂತಾಪದ ಮಾತಿನಲ್ಲಿ ಬರುವ ಒಂದು ಅಕ್ಷರವನ್ನು ಅವಳು ನನಗೆ ತೋರಿಸಿದಳು. ಅದರ ಎಡಗಡೆಯದು ಹೃದಯವನ್ನು ಸೂಚಿಸುವ ಅಂಗ. ಬಲಗಡೆಯದು ಬಿಡಿಯಾಗಿ ನಿಂತರೆ ‘ಪ್ರತಿಯೊಂದು’ ಎಂಬ ಅರ್ಥವುಳ್ಳ ಅಕ್ಷರ. ಬಿಡಿಬಿಡಿಯಾಗಿ ಇವೆರಡೂ ಅವಳಿಗೆ ಗೊತ್ತು. ಕೂಡಿದುದನ್ನು ನೂರು ಸಲ ಓದಿದ್ದಾಳೆ. ಆದರೂ ಬರೆಯಬೇಕಾದ ಆ ರಾತ್ರಿ ಅದು ಬರಲಿಲ್ಲ.

ಹಾಗಾದರೆ ಇವೆರಡರಲ್ಲಿ ಯಾವುದು ನಿಜವಾದ ಅರಿವು? ಇಲ್ಲಿ ಎರಡು ಪಕ್ಷಗಳುಂಟು. ‘ಬರೆಯಲಾರದವನ ವಿದ್ಯೆ ಅರೆವಿದ್ಯೆ, ಎದುರಿಗಿರುವ ನಾಲ್ಕರಲ್ಲಿ ಒಂದನ್ನು ತೋರಿಸುವುದು ಯಾವ ಪಾಂಡಿತ್ಯ? ಕಣ್ಣು ಮುಚ್ಚಿ ಬೆರಳಿಟ್ಟರೂ ನಾಲ್ಕಕ್ಕೆ ಒಂದು ಸರಿಯಾದೀತು’ ಎಂಬುದು ಒಂದು ಪಕ್ಷ. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನ್ನಂಥವನ ಮನಸ್ಸು ಸಹಜವಾಗಿ ಈ ಕಡೆಗೇ ವಾಲುತ್ತದೆ. ತಾಳೆಯೋಲೆಯ ಗ್ರಂಥದೊಳಗೆ ಶಲಾಕೆಯನ್ನು ಚುಚ್ಚಿ, ಅದು ಯಾವ ಓಲೆಯಲ್ಲಿ ನಿಂತಿತೋ ಆ ಭಾಗವನ್ನು ವಿವರಿಸೆಂದು ಕೇಳುತ್ತಿದ್ದ ಶಲಾಕಾಪರೀಕ್ಷೆಯ ಕಥೆಗಳನ್ನು ಕೇಳಿ ಬೆಳೆದವರು ನಾವು. ನಾಲ್ಕು ಉತ್ತರಗಳನ್ನು ಬರೆದುಕೊಟ್ಟು ‘ಆರಿಸು’ ಎಂಬುದು ನಮಗೆ ಬಾಲಕ್ರೀಡೆಯಾಗಿ ತೋರುವುದು.

ಆದರೆ ಎದುರು ಪಕ್ಷವೂ ದುರ್ಬಲವಾದುದಲ್ಲ. ೧೯೭೮ರಲ್ಲಿ ಜಪಾನೀ ಲಿಪಿಯನ್ನು ಬರೆಯತಕ್ಕ ಯಂತ್ರ ಹೊರಬಂದ ಮೇಲೆ, ಉಚ್ಚಾರಣೆಯನ್ನು ಒತ್ತಿದರೆ ಅಕ್ಷರವನ್ನು ಯಂತ್ರವೇ ತೋರಿಸುತ್ತದೆ. ಮನುಷ್ಯನು ಆರಿಸಿದರೆ ಸಾಕು. ಜಪಾನಿನವರೇ ಕೈಬರಹದಲ್ಲಿ ಅಕ್ಷರಗಳನ್ನು ಮರೆಯುತ್ತಿದ್ದಾರೆ. ೨೦೧೦ರ ಪಟ್ಟಿಯಲ್ಲಿ ‘ವಿಷಾದ’ ಎಂಬರ್ಥದ, ೨೯ ಗೆರೆಗಳುಳ್ಳ ಅಕ್ಷರವೊಂದನ್ನು ಹೊಸದಾಗಿ ಸೇರಿಸಿದ ವಿದ್ವಾಂಸರೇ, ಪಟ್ಟಿಯಲ್ಲಿರುವುದನ್ನೆಲ್ಲ ಕೈಯಿಂದ ಬರೆಯಬಲ್ಲವರಾಗಬೇಕೆಂಬ ನಿರ್ಬಂಧವಿಲ್ಲವೆಂದು ಒಪ್ಪಿಕೊಂಡರು. ೨೦೧೬ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆಯವರು ಒಂದು ಸೂಚನೆಯನ್ನು ಹೊರಡಿಸಿ, ಗೆರೆಯ ತುದಿ ಕೊಕ್ಕೆಯಾಗಿದೆಯೋ ನೆಟ್ಟಗೆ ನಿಂತಿದೆಯೋ ಎಂಬಂಥ ಅಲ್ಪ ಭೇದಗಳಿಗಾಗಿ ಅಕ್ಷರವನ್ನೇ ತಪ್ಪೆನ್ನಕೂಡದೆಂದು ವಿವರಿಸಬೇಕಾಯಿತು. ಇನ್ನು ಕಾನ್‌ಕೆನ್ನಿನ ಒಂದನೆಯ ಶ್ರೇಣಿಯ ೬,೦೦೦ ಅಕ್ಷರಗಳಲ್ಲಿ ಬಹುಭಾಗ ನಿತ್ಯದ ಪತ್ರಿಕೆಗಳಲ್ಲಿ ಕಾಣಬರುವುದೇ ಇಲ್ಲ. ಅವನ್ನು ಕಲಿಯುವವನು ಆ ಲಿಪಿಯ ಮೇಲಣ ಪ್ರೀತಿಯಿಂದ ಕಲಿಯಬೇಕೇ ಹೊರತು ಪ್ರಯೋಜನಕ್ಕಾಗಿ ಅಲ್ಲ. ಪರದೇಶದವನೊಬ್ಬನು ೨,೧೩೬ ಅಕ್ಷರಗಳನ್ನೂ ದುಂಡಾಗಿ ಬರೆಯಬಲ್ಲನೆಂದಿಟ್ಟುಕೊಳ್ಳೋಣ. ಅಂಗಡಿಯವನು ಚಿಲ್ಲರೆ ಕೇಳಿದ ಮಾತು ಅವನಿಗೆ ಅರ್ಥವಾಗದಿದ್ದರೆ ಅವನಿಗೆ ಭಾಷೆ ಬಂದಿತೆನ್ನಬಹುದೆ?

ಮತ್ತೂ ಒಂದು ಮಾತು. ಆರಿಸುವ ಪರೀಕ್ಷೆಯನ್ನು ಸುಲಭವೆಂದು ಹಳಿಯುವುದಕ್ಕೆ ಮೊದಲು ಅದರಲ್ಲಿರುವ ಧರ್ಮವನ್ನು ಗುರುತಿಸಬೇಕು. ಹತ್ತು ಲಕ್ಷ ಜನರ ಕೈಬರಹವನ್ನು ನಾನಾ ದೇಶಗಳಲ್ಲಿ ನಾನಾ ಪರೀಕ್ಷಕರು ತಿದ್ದಿದರೆ ಒಬ್ಬನ ದಯೆ, ಮತ್ತೊಬ್ಬನ ಮುನಿಸು, ಮೂರನೆಯವನ ನಿದ್ದೆ ಇವೆಲ್ಲವೂ ಅಂಕಗಳೊಳಗೆ ಸೇರಿಕೊಳ್ಳುವುವು. ನಾನು ತಿದ್ದಿದವನು, ಸಂಜೆಯ ನಲವತ್ತನೆಯ ಉತ್ತರಪತ್ರಕ್ಕೂ ಬೆಳಗ್ಗೆಯ ನಾಲ್ಕನೆಯದಕ್ಕೂ ಒಂದೇ ತಕ್ಕಡಿಯನ್ನು ಹಿಡಿದೆನೆಂದು ಪ್ರಮಾಣ ಮಾಡಲಾರೆ. ಗುರುತನ್ನು ಯಂತ್ರ ಎಣಿಸುವಾಗ ಬೆಂಗಳೂರಿನ ಹುಡುಗಿಗೂ ಬ್ರೆಜಿಲಿನ ಹುಡುಗನಿಗೂ ಭೇದವಿಲ್ಲ. ಈ ಸಮದೃಷ್ಟಿಗೆ ತೆತ್ತ ಬೆಲೆಯೇ ಬರಹವನ್ನೂ ಮಾತನ್ನೂ ಕೇಳದೆ ಬಿಟ್ಟದ್ದು. ಬೆಲೆ ಹೆಚ್ಚಾಯಿತೆ ಎಂಬುದು ಬೇರೆ ಪ್ರಶ್ನೆ. ಬೆಲೆಯೇ ತೆರಲಿಲ್ಲವೆಂದು ಭ್ರಮಿಸುವುದು ಮಾತ್ರ ತಪ್ಪು.

ಇಷ್ಟರವರೆಗೆ ಇದು ವಿದ್ವಾಂಸರ ಚರ್ಚೆಯಂತೆ ತೋರೀತು. ಆದರೆ ಪರೀಕ್ಷೆಯೆಂಬುದು ಅನೇಕರಿಗೆ ಅನ್ನದ ಪ್ರಶ್ನೆ. ಪರದೇಶದಲ್ಲಿ ವೈದ್ಯನಾದವನು ಜಪಾನಿನ ವೈದ್ಯಪರೀಕ್ಷೆಗೆ ಕುಳಿತುಕೊಳ್ಳಬೇಕಾದರೆ ಎನ್ ೧ ಬೇಕು. ವಿಶೇಷ ಕುಶಲರಾದ ಪರದೇಶೀಯರಿಗೆ ಅಲ್ಲಿ ವಾಸಿಸಲು ಅನುಮತಿ ಕೊಡುವ ಅಂಕಪಟ್ಟಿಯಲ್ಲಿ ಎನ್ ೧ಕ್ಕೆ ೧೫, ಎನ್ ೨ಕ್ಕೆ ೧೦ ಅಂಕಗಳನ್ನು ಕೊಡುತ್ತಾರೆ. ಇಲ್ಲಿ ಒಂದು ಗುರುತಿನ ಹೆಚ್ಚುಕಡಮೆ ಒಂದು ಸಂಸಾರದ ಹಣೆಬರಹವಾಗಬಹುದು.

ಇದಕ್ಕೆ ಸಂಬಂಧಿಸಿದ ಒಂದು ಚರಿತ್ರೆಯನ್ನು ಹೇಳುತ್ತೇನೆ. ಇದು ಮೇಲಣ ಎರಡು ಪರೀಕ್ಷೆಗಳದ್ದಲ್ಲ. ಅಲ್ಲಿನ ದಾದಿಯರ ಪರೀಕ್ಷೆಯದು. ಆದರೆ ಪ್ರಕೃತ ವಿಚಾರದ ಮರ್ಮ ಇದರಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ದೇಶದೇಶಗಳ ಒಪ್ಪಂದದ ಮೇರೆಗೆ ೨೦೦೮ರಲ್ಲಿ ಇಂಡೊನೇಷ್ಯದಿಂದಲೂ, ೨೦೦೯ರಲ್ಲಿ ಫಿಲಿಪ್ಪೀನ್ಸ್ ದ್ವೀಪಗಳಿಂದಲೂ ದಾದಿಯರು ಜಪಾನಿಗೆ ಬಂದರು. ಇವರು ಸ್ವದೇಶದಲ್ಲಿ ಶಿಕ್ಷಣ ಪಡೆದು ರೋಗಿಗಳ ಶುಶ್ರೂಷೆ ಮಾಡಿ ಪಳಗಿದವರು. ಮೂರು ವರ್ಷಗಳೊಳಗಾಗಿ ಆ ದೇಶದ ದಾದಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಇಲ್ಲವೆ ಹಿಂದಿರುಗಬೇಕೆಂಬುದು ನಿಯಮ. ೨೦೦೯ರಲ್ಲಿ ಅವರ ಪೈಕಿ ೮೨ ಮಂದಿ ಕುಳಿತರು, ಒಬ್ಬರೂ ತೇರ್ಗಡೆಯಾಗಲಿಲ್ಲ. ೨೦೧೦ರಲ್ಲಿ ೨೫೪ ಮಂದಿಯಲ್ಲಿ ಮೂವರು ತೇರ್ಗಡೆಯಾದರು. ಅದೇ ಪರೀಕ್ಷೆಯಲ್ಲಿ ಒಟ್ಟಾರೆ ನೂರಕ್ಕೆ ಸುಮಾರು ತೊಂಬತ್ತು ಮಂದಿ ತೇರ್ಗಡೆಯಾಗುತ್ತಿದ್ದರು. ಬಂದವರಿಗೆ ಶುಶ್ರೂಷೆ ತಿಳಿಯದೆ ಹೀಗಾಯಿತೆ? ಅಲ್ಲ. ಆಗ ಬಹುವಾಗಿ ಚರ್ಚೆಗೆ ಬಂದ ಒಂದು ಪದ ‘ಜೊಕುಸೋ’. ಬಹುಕಾಲ ಮಲಗಿದ ರೋಗಿಗೆ ಬೆನ್ನಿನಲ್ಲಿ ಏಳುವ ಹಾಸಿಗೆಹುಣ್ಣು ಎಂದರ್ಥ. ಅದನ್ನು ಬರೆಯುವ ಎರಡು ಕಾಂಜಿಗಳು ಬಹು ಕ್ಲಿಷ್ಟವಾದವು. ಜನರ ಆಡುಮಾತಿನಲ್ಲಿ ಅದಕ್ಕೆ ‘ತೊಕೊಜುರೆ’ ಎಂಬ ಸರಳವಾದ ಪದವಿದೆ. ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸಿ ಆ ಹುಣ್ಣು ಏಳದಂತೆ ಕಾಪಾಡಬಲ್ಲವಳು, ಹುಣ್ಣಿನ ಹೆಸರನ್ನು ಓದಲಾರದೆ ಅನುತ್ತೀರ್ಣಳಾಗುವ ಸಂಭವ ಉಂಟಾಯಿತು.

ಇಲ್ಲಿ ದುಡುಕಿ ಪರೀಕ್ಷಕರನ್ನು ಬಯ್ಯಕೂಡದು. ರೋಗಿಯ ಹಾಸಿಗೆಯ ಬಳಿ ತೂಗುಹಾಕಿದ ಚೀಟಿಯನ್ನು ಓದಲಾರದ ದಾದಿಯು ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಕೊಟ್ಟಾಳು. ಓದು ಬೇಕು. ಆದರೆ ‘ಈಕೆ ಶುಶ್ರೂಷೆ ಬಲ್ಲಳೆ?’ ಎಂಬ ಪ್ರಶ್ನೆಯೊಳಗೆ ‘ಈಕೆ ಕ್ಲಿಷ್ಟಾಕ್ಷರಗಳನ್ನು ಬಲ್ಲಳೆ?’ ಎಂಬ ಮತ್ತೊಂದು ಪ್ರಶ್ನೆ ಯಾರಿಗೂ ತಿಳಿಯದಂತೆ ಸೇರಿಕೊಂಡಿತ್ತು. ಎರಡನೆಯದಕ್ಕೆ ಬಂದ ‘ಇಲ್ಲ’ ಎಂಬ ಉತ್ತರವನ್ನು ಮೊದಲನೆಯದಕ್ಕೂ ಹಚ್ಚಲಾಗುತ್ತಿತ್ತು. ಅಲ್ಲಿನ ಅಧಿಕಾರಿಗಳು ಇದನ್ನು ಕಂಡುಕೊಂಡು, ಕಠಿಣವಾದ ಕಾಂಜಿಗಳ ಮೇಲೆ ಉಚ್ಚಾರಣೆಯನ್ನು ಚಿಕ್ಕ ಅಕ್ಷರಗಳಲ್ಲಿ ಅಚ್ಚುಮಾಡಿಸಿದರು. ರೋಗಗಳ ಹೆಸರಿಗೆ ಇಂಗ್ಲಿಷ್ ಹೆಸರನ್ನೂ ಸೇರಿಸಿದರು. ಮುಂದೆ ಪರದೇಶದವರಿಗೆ ಕಾಲಾವಧಿಯನ್ನೂ ಹೆಚ್ಚಿಸಿದರು. ಪರೀಕ್ಷೆಯನ್ನು ಸಡಿಲಿಸಿದರೆಂದು ಕೆಲವರು ಹೇಳಿಯಾರು. ನನ್ನ ಬುದ್ಧಿಗೆ ತೋರುವಂತೆ, ತಾವು ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ಕೇಳುವುದಕ್ಕೆ ಅವರು ಪ್ರಯತ್ನಿಸಿದರು.

ಪರರ ದೇಶದ ಪರೀಕ್ಷೆಯನ್ನು ಇಷ್ಟು ದೂರ ವಿಚಾರಿಸಿದವನು ತನ್ನ ಮನೆಯ ಸಂಗತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳುತ್ತಿದ್ದಾಗ ನನ್ನ ಹುಡುಗರಲ್ಲಿ ಅನುತ್ತೀರ್ಣರಾದವರು ವಿರಳ. ೧೨೫ಕ್ಕೆ ೧೨೦ರ ಮೇಲೆ ಬಂದವರು ವರ್ಷವರ್ಷವೂ ಇರುತ್ತಿದ್ದರು. ಊರಿನಲ್ಲಿ ನನಗೆ ಅದರಿಂದ ಗೌರವವೂ ಇತ್ತು. ಅದರ ಗುಟ್ಟನ್ನು ಹೇಳಿಬಿಡುತ್ತೇನೆ. ಯಾವ ಶಬ್ದರೂಪ ಬರುವುದು, ಯಾವ ಶ್ಲೋಕವನ್ನು ಪೂರ್ಣಮಾಡೆನ್ನುವರು, ಯಾವ ಸಂಧಿಯನ್ನು ಬಿಡಿಸೆನ್ನುವರು ಎಂಬುದು ನನಗೆ ಹಳೆಯ ಪ್ರಶ್ನಪತ್ರಿಕೆಗಳಿಂದ ಕರತಲಾಮಲಕವಾಗಿತ್ತು. ಉಳಿದುದನ್ನು ಯಾವನಾದರೂ ಹುಡುಗ ಕುತೂಹಲದಿಂದ ಕೇಳಿದರೆ, “ಅದು ಪರೀಕ್ಷೆಗೆ ಬರುವುದಿಲ್ಲ, ಬಿಡು” ಎನ್ನುತ್ತಿದ್ದೆ. ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲು ಹಳೆಯ ಶಿಷ್ಯನೊಬ್ಬನ ತಂದೆ ತೀರಿಕೊಂಡರು. ಅವನು ಸಂಸ್ಕೃತದಲ್ಲಿ ಆ ವರ್ಷದ ತರಗತಿಗೇ ಮೊದಲಿಗನಾಗಿದ್ದವನು. ಕರ್ಮಗಳು ಮುಗಿದ ದಿವಸ ನನ್ನ ಬಳಿ ಬಂದು ಕುಳಿತು, “ಮೇಷ್ಟ್ರೇ, ಹನ್ನೆರಡು ದಿವಸ ನನ್ನ ಬಾಯಲ್ಲಿ ಸಂಕಲ್ಪ ಹೇಳಿಸಿದರು. ಅಪ್ಪನ ಹೆಸರೊಂದು ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ. ಸಂಸ್ಕೃತದಲ್ಲಿ ನನಗೆ ಅಷ್ಟು ಅಂಕ ಬಂದದ್ದು ಹೇಗೆ?” ಎಂದನು. ಅವನ ಮಾತಿನಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದನು. ನಾನು ಏನೋ ಸಮಾಧಾನ ಹೇಳಿ ಕಳುಹಿಸಿದೆ. ಉತ್ತರ ನನಗೆ ಗೊತ್ತಿತ್ತು. ಪರೀಕ್ಷೆಯವರು ಕೇಳಿದ್ದನ್ನು ಅವನಿಗೆ ನಾನು ಕಲಿಸಿದ್ದೆ. ಬಾಳು ಒಂದು ದಿನ ಕೇಳಬಹುದಾದುದನ್ನು ಕಲಿಸಿರಲಿಲ್ಲ. ನಮ್ಮ ಹುಡುಗಿ ಕಾಗದದ ಮುಂದೆ ಕುಳಿತ ರಾತ್ರಿಯ ಕಥೆಯನ್ನು ಹೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಇವನ ಮುಖವೇ. ಸಾವಿನ ಮನೆಯಲ್ಲಿ ಪ್ರಮಾಣಪತ್ರ ಉಪಯೋಗಕ್ಕೆ ಬಾರದೆಂಬುದು ಇಬ್ಬರಿಗೂ ಒಂದೇ ರೀತಿಯಾಗಿ ತಿಳಿದುಬಂದಿತ್ತು.

ಈಗ ಸಿದ್ಧಾಂತಕ್ಕೆ ಬರುತ್ತೇನೆ. ಪ್ರಮಾಣಪತ್ರವು ಒಬ್ಬ ಸಾಕ್ಷಿ. ನ್ಯಾಯಸ್ಥಾನದಲ್ಲಿ ನಿಂತ ಸಾಕ್ಷಿಯು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತಾನೆ. ಅವನು ಸತ್ಯವಂತನಾದರೂ, ಕೇಳದೆ ಇದ್ದುದಕ್ಕೆ ಅವನು ಸಾಕ್ಷಿಯಲ್ಲ. ಜೆ.ಎಲ್.ಪಿ.ಟಿ. ಸುಳ್ಳು ಹೇಳುವುದಿಲ್ಲ, ‘ಇವಳು ಓದಿ ತಿಳಿಯಬಲ್ಲಳು, ಕೇಳಿ ತಿಳಿಯಬಲ್ಲಳು’ ಎನ್ನುತ್ತದೆ. ಕಾನ್‌ಕೆನ್ನೂ ಸುಳ್ಳು ಹೇಳುವುದಿಲ್ಲ. ‘ಇವನ ಕೈಯಲ್ಲಿ ಇಷ್ಟು ಅಕ್ಷರಗಳಿವೆ’ ಎನ್ನುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚೆಂದು ಕಲಿಯುವವರು ವಾದಿಸುವುದುಂಟಂತೆ. ಕಣ್ಣು ಹೆಚ್ಚೋ ಕೈ ಹೆಚ್ಚೋ ಎಂದು ವಾದಿಸಿದಂತಾಯಿತು. ಅಸತ್ಯವು ಹುಟ್ಟುವುದು ಪರೀಕ್ಷೆಯಲ್ಲಿ ಅಲ್ಲ. ಒಂದು ಪ್ರಶ್ನೆಗೆ ಬಂದ ಉತ್ತರವನ್ನು ನಾವು ಬೇರೊಂದು ಪ್ರಶ್ನೆಗೆ ಉತ್ತರವಾಗಿ ಬಳಸಿಕೊಳ್ಳುವಲ್ಲಿ. ಕೆಲಸ ಕೊಡುವವನು ಹಾಗೆ ಬಳಸಿದರೆ ಯೋಗ್ಯಳಾದ ದಾದಿಯೊಬ್ಬಳು ಹಿಂದಿರುಗಿ ಹೋಗುತ್ತಾಳೆ. ಉಪಾಧ್ಯಾಯನು ಬಳಸಿದರೆ ಶಿಷ್ಯನು ತನ್ನ ತಂದೆಯ ಸಂಕಲ್ಪವನ್ನು ಅರಿಯನು. ಕಲಿತವನೇ ಬಳಸಿಕೊಂಡರೆ ತನ್ನನ್ನು ತಾನು ವಂಚಿಸಿಕೊಳ್ಳುತ್ತಾನೆ. ಇದು ಮೂರರಲ್ಲಿಯೂ ಕೆಟ್ಟದ್ದು, ಏಕೆಂದರೆ ಇದನ್ನು ಕಂಡುಹಿಡಿಯುವವರು ಬೇರೆ ಯಾರೂ ಇರುವುದಿ­ಲ್ಲ.

ಹಾಗೆಂದು ಪರೀಕ್ಷೆಗಳನ್ನು ತ್ಯಜಿಸಬೇಕೆಂದು ನಾನು ಹೇಳುವುದಿಲ್ಲ. ಪರೀಕ್ಷೆಯ ಭಯವಿಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಪುಸ್ತಕವನ್ನು ಎರಡನೆಯ ಸಲ ತೆರೆಯುತ್ತಿದ್ದೆವು? ಹೊರಗಿನವನು ಕೇಳುವ ಪ್ರಶ್ನೆಗೆ ಒಂದು ಎಲ್ಲೆ ಇರಲೇಬೇಕು. ಕಾಲ, ಹಣ, ಸಮತ್ವ ಇವು ಆ ಎಲ್ಲೆಯನ್ನು ಹಾಕುತ್ತವೆ. ಆ ಎಲ್ಲೆಯಾಚೆಯ ಪ್ರಶ್ನೆಯನ್ನು ಕೇಳಿಕೊಳ್ಳುವ ಭಾರ ಕಲಿತವನದು. ತೇರ್ಗಡೆಯಾದ ದಿವಸ ‘ಇವರು ನನ್ನನ್ನು ಏನನ್ನು ಕೇಳಲಿಲ್ಲ?’ ಎಂದು ಒಂದು ಗಳಿಗೆ ಯೋಚಿಸುವವನಿಗೆ ಪರೀಕ್ಷೆಯಿಂದ ಹಾನಿಯಿಲ್ಲ.

ಹಬ್ಬ ಮುಗಿಸಿ ಹೊರಡುವ ದಿನ ಹುಡುಗಿಗೆ ಇಷ್ಟನ್ನೇ ಹೇಳಿದೆ: “ಅವರು ಕೇಳಿದ್ದಕ್ಕೆ ನೀನು ಸರಿಯಾಗಿಯೇ ಉತ್ತರ ಕೊಟ್ಟಿದ್ದೀಯೆ. ಅವರು ಕೇಳದೆ ಬಿಟ್ಟದ್ದನ್ನು ಆ ರಾತ್ರಿ ನೀನೇ ಕೇಳಿಕೊಂಡೆ. ಅದಕ್ಕೂ ಉತ್ತರ ಬರೆ.” ಅವಳು ಕಾನ್‌ಕೆನ್ನಿನ ಹತ್ತನೆಯ ಶ್ರೇಣಿಯ ಅಭ್ಯಾಸಪುಸ್ತಕವನ್ನು ತರಿಸಿಕೊಂಡಳು. ಆರು ವರ್ಷದ ಮಕ್ಕಳಿಗಾಗಿ ಬಣ್ಣದ ಚಿತ್ರಗಳೊಡನೆ ಮಾಡಿದ ಪುಸ್ತಕ. ಎನ್ ೨ ಆದವಳು ೮೦ ಅಕ್ಷರಗಳ ಮಕ್ಕಳ ಸಾಲಿನಲ್ಲಿ ಮತ್ತೆ ಕುಳಿತು ಗೆರೆಯ ಕ್ರಮವನ್ನು ತಿದ್ದಿಕೊಳ್ಳುವುದಕ್ಕೆ ಮೊದಲು ಸಂಕೋಚವಾಯಿತಂತೆ. ಯುಗಾದಿಗೆ ಬರುವ ಹೊತ್ತಿಗೆ ಏಳನೆಯ ಶ್ರೇಣಿಯ ಪುಸ್ತಕಕ್ಕೆ ಬಂದಿದ್ದಳು. ಪರೀಕ್ಷೆಗೆ ಕುಳಿತುಕೊಳ್ಳುವೆಯಾ ಎಂದು ಕೇಳಿದೆ. “ಗೊತ್ತಿಲ್ಲ ಚಿಕ್ಕಜ್ಜ” ಎಂದಳು. ಉಪಾಧ್ಯಾಯಿನಿಯ ಪತಿಯ ವರ್ಷಾಬ್ದಿಕಕ್ಕೆ ಒಂದು ಕಾಗದವನ್ನು ಮಾತ್ರ ಯಾವುದನ್ನೂ ನೋಡದೆ ಬರೆದು ಕಳುಹಿಸಿದಳು.

ಆಗ ಅವಳು ನನಗೆ ಎರಡು ಅಕ್ಷರಗಳನ್ನು ಕಲಿಸಿಕೊಟ್ಟಳು. ಎರಡಕ್ಕೂ ರೂಪ ಒಂದೇ: ಮರವನ್ನು ಸೂಚಿಸುವ ಅಕ್ಷರ, ಅದಕ್ಕೆ ಮೇಲೆ ಒಂದು ಅಡ್ಡಗೆರೆ ಹೆಚ್ಚು. ಮೇಲಿನ ಗೆರೆ ಉದ್ದವಾದರೆ ‘ಕೊನೆ’ ಎಂದರ್ಥ. ಅದೇ ಗೆರೆ ಗಿಡ್ಡವಾದರೆ ‘ಇನ್ನೂ ಇಲ್ಲ’ ಎಂದರ್ಥ. ಓದುವಾಗ ಕಣ್ಣು ಹೇಗೋ ಪಾರಾಗುತ್ತದೆ. ಬರೆಯುವಾಗ ಕೈ ನಿಶ್ಚಯ ಮಾಡಲೇಬೇಕು. ನಮ್ಮ ಮಕ್ಕಳು ಅಂಕಪಟ್ಟಿಯನ್ನು ಹಿಡಿದು ಮನೆಗೆ ಬಂದಾಗ ಅದನ್ನು ಇವೆರಡರಲ್ಲಿ ಯಾವುದಾಗಿ ಓದಬೇಕೆಂಬುದನ್ನು ತಂದೆತಾಯಿಗಳೂ ಉಪಾಧ್ಯಾಯರೂ ಒಂದು ಸಲ ಯೋಚಿಸಬೇಕೆಂದು ಬೇಡಿಕೊಂಡು ಈ ಬರಹವನ್ನು ಮುಗಿಸುತ್ತೇನೆ.